ಫೋನಿನೊಳಗಿನ ಕಾರಭಾರಿ

ಸುಟ್ಟುಹೋದ ನೀರಿನ ಮೋಟಾರಿಗೆ ಮರಳಿ ಜೀವ ತುಂಬುವುದರಲ್ಲಿ ಸಿಂದಗಿಯ ಸೋಮನಿಂಗನದು ಎತ್ತಿದ ಕೈ. ಆದರೆ ಯಾವತ್ತು ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹೋದ ತಿಂಗಳು ದೇವರ ಹಿಪ್ಪರಗಿಯಲ್ಲಿ ಹೆಣ್ಣಿನ ಕಡೆಯವರು ಉಪ್ಪಿಟ್ಟು ಮಾಡಿಟ್ಟುಕೊಂಡು ದಾರಿ ಕಾಯುತ್ತಿದ್ದರೆ, ವರ ಮಹಾಶಯ ಯಾರದೋ ಬಾವಿಯೊಳಗೆ ಇಳಿದು ಕೂತಿದ್ದ. ಅವನಿಗಾಗಿ ಊರೂರು ಅಲೆದು ಚಪ್ಪಲಿ ಸವೆಸಿದ್ದ ಸೋದರಮಾವ ಸಂಗು ಕೊನೆಯ ಎಚ್ಚರಿಕೆ ಕೊಟ್ಟುಬಿಟ್ಟ.

"ಇಂಗಳೇಶ್ವರದ ಹೆಣ್ಣೂ ಕೈಬಿಡ್ತಂದ್ರ ನನ್ನ ಕಡೆ ಬರಬ್ಯಾಡ. ಯಾವದಾರ ಚಲೋ ಮೋಟಾರ ನೋಡಿ ಲಗ್ನಾ ಮಾಡ್ಕೊ."

ಸೋಮನಿಂಗ ನಿಜವಾಗಿಯೂ ಹೆದರಿದ. ಇಂಗಳೇಶ್ವರದ ಭುವನೇಶ್ವರಿಯ ಫೋಟೊ ನೋಡಿದಂದಿನಿಂದ ಮೋಟಾರಿನ ತಂತಿ ಸುತ್ತುವಾಗ ಅವನಿಗೆ ಲೆಕ್ಕ ತಪ್ಪುತ್ತಿತ್ತು. ಪಕ್ಕದ ಮೊಬೈಲ್ ಅಂಗಡಿಯ ತಬ್ರೇಜನ ಮುಂದೆ ಸಂಕಟ ತೋಡಿಕೊಂಡ. ತಬ್ರೇಜನಿಗೋ, ಮಂದಿಯ ಫೋನು ಕೈಗೆ ಸಿಕ್ಕರೆ ಊಟವೂ ಬೇಡ.

"ಇಷ್ಟಕ್ಕ ಯಾಕ ಚಿಂತಿ ಮಾಡ್ತಿ ಹುಚ್ಚಪ್ಪಾ? ನಿನ್ನ ಫೋನಿನಾಗ ಒಬ್ಬ ಎಐ ಕಾರಭಾರಿನ್ನ ಕೂಡಸ್ತೇನಿ. ಕ್ಯಾಲೆಂಡರಿನ ಕೀಲಿ ಅವನ ಕೈಯಾಗ. ನೀ ಫೋನಿನಾಗ ಮಾತಾಡು, ಎದುರಾಎದುರು ಮಾತಾಡು, ಅವ ಕೇಳಿಸ್ಕೊಂಡು ತಾನ ಬರಕೋತಾನ, ತಾನ ತಿದ್ದತಾನ, ಮಂದಿಗೆ ಸುದ್ದೀನೂ ಮುಟ್ಟಸ್ತಾನ. ನೀ ಆರಾಮ ಇರು."

ಸೋಮನಿಂಗ ಒಂದು ವಾರ ಆರಾಮವಾಗಿಯೇ ಇದ್ದ.

ಹೆಣ್ಣು ನೋಡುವ ದಿನ ಬಂತು. ಇಂಗಳೇಶ್ವರದಲ್ಲಿ ಹನ್ನೊಂದಕ್ಕೆ ಇರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಾಗ ಫೋನು ರಿಂಗಾಯಿತು. ಯಂಕಂಚಿಯ ಮುದುಕಿ ಸೀತವ್ವ.

"ಎಲ್ಲಿದ್ದೀಯೋ ತಮ್ಮಾ? ಹೋಳಿಗಿ ಮಾಡ್ಕೊಂಡು ಕುಂತೇನಿ."

"ಯಾಕ ಆಯಿ, ಇವತ್ತ ಏನ ಹಬ್ಬ?"

"ಹಬ್ಬ ಎಲ್ಲಿಂದು? ನೀ ಬರಾವ ಅಂತ ನಿನ್ನ ಫೋನಿಂದನ ಸುದ್ದಿ ಬಂದೈತಿ. ಮೊಮ್ಮಗಳು ಓದಿ ಹೇಳಿದ್ಲು."

ಅವಳ ಮೋಟಾರು ರಿಪೇರಿಯಾಗಿ ವಾರವಾಗಿತ್ತು, ಚೆನ್ನಾಗಿಯೇ ನೀರು ಎತ್ತುತ್ತಿತ್ತು. ಸೋಮನಿಂಗನಿಗೆ ತಲೆಬುಡ ತಿಳಿಯಲಿಲ್ಲ. ಮುದುಕಿಗೆ ಏನೋ ಅರಳುಮರಳು ಎಂದುಕೊಳ್ಳುವಷ್ಟರಲ್ಲಿ ಆಲಮೇಲದಿಂದ ಅಬ್ದುಲರಜಾಕನ ಫೋನು.

"ಏ ಸೋಮನಿಂಗ, ನಿನ್ನ ಸುದ್ದಿ ಬಂತಂತ ಚಲೋ ನಡೆಯೋ ಮೋಟಾರ ಬಾವಿಯಿಂದ ಎತ್ತಿಸಿ ದಂಡಿಗೆ ಇಟ್ಟೇನಿ. ಕಬ್ಬು ಒಣಗಾಕತ್ತೈತಿ, ನೀ ಎಲ್ಲಿ ಸತ್ತೀ?"

"ಚಲೋ ನಡೆಯೋದನ್ನ ಯಾಕ ಎತ್ತಿದ್ರಿ ಚಾಚಾ?"

"ಅದನ್ನ ನಾ ನಿನಗ ಕೇಳಬೇಕು!"

ಕಬ್ಬಿನ ಚಿಂತೆಯಲ್ಲಿದ್ದ ಮನುಷ್ಯ ಫೋನು ಕುಕ್ಕಿದ. ಇಬ್ಬರಿಗೂ ಒಂದೇ ದಿನ ಅರಳುಮರಳು ಹೇಗಾದೀತು ಎಂದು ಸೋಮನಿಂಗ ಬಾಗಿಲಿಗೆ ಬಂದರೆ, ಅಲ್ಲಿ ಸಂಗು ಮಾವ ಕೂಡಬೇಕಾದ ಬೈಕಿನ ಹಿಂದಿನ ಸೀಟಿನ ಮೇಲೆ ಇಂಡಿಯ ಜೈನುದ್ದೀನ ಕೂತಿದ್ದ. ಲಿಂಬೆ ತೋಟದ ಯಜಮಾನ, ಮಹಾ ಸಾವಧಾನದ ಮನುಷ್ಯ.

"ತ್ವಾಟದ ದಾರಿ ತಪ್ಪಿಸ್ಕೊಂಡಿ ಅಂತ ಕರಕೊಂಡ ಹೋಗಾಕ ನಾನ ಬಸ್ಸಿಗೆ ಬಂದೇನಿ. ನಡಿ."

"ಇವ ಇಂಗಳೇಶ್ವರಕ್ಕ ಹೊಂಟಾನ್ರಿ, ಇಳೀರಿ!" ಎಂದು ಸಂಗು ಮಾವ ಅವನ ತೋಳು ಜಗ್ಗಿದ. ಜೈನುದ್ದೀನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಓಣಿಯ ಮಂದಿ ಸೇರಿದರು. ಕೊನೆಗೆ ತಬ್ರೇಜ ನುಗ್ಗಿ ಬಂದು ಫೋನು ಕಸಿದು ನೋಡಿದವನೇ ಕಣ್ಣು ಅಗಲಿಸಿದ.

"ಇವತ್ತ ಮುಂಜಾನೆ ಇಂಡಿ ಆರಕ್ಕ, ಆಲಮೇಲ ಏಳಕ್ಕ, ಯಂಕಂಚಿ ಎಂಟಕ್ಕ! ಇವೆಲ್ಲಾ ಮುಗಿಯಾಕ ಹೊತ್ತಾಗತೈತಂತ ಇಂಗಳೇಶ್ವರ ತಗದು ಸಂಜಿಗೆ ಹಾಕ್ಯಾನ. ಏ ಸೋಮ್ಯಾ, ಇವರಿಗೆಲ್ಲಾ ಏನಂತ ಹೇಳಿದ್ದಿ?"

"ನಾ ಏನೂ ಹೇಳಿಲ್ಲೋ, ಅವ್ವನಾಣಿ!"

"ಹೇಳೀಯಲ್ಲ," ಎಂದ ಜೈನುದ್ದೀನ. "ಮೊನ್ನೆ ಮಾತೆಲ್ಲಾ ಮುಗಿಸಿ ಫೋನ ಇಡುವಾಗ ಬರ್ತೇನ್ರಿ ಅಂದಿ. ನಾನೂ ಸುಮ್ನ ಅಂದಾನ ಅಂದ್ಕೊಂಡಿದ್ದೆ. ಆಮ್ಯಾಲ ತಾರೀಖು, ವ್ಯಾಳ್ಯಾ ಎಲ್ಲಾ ಬರದು ಕಳಿಸಿದಿ."

ತಬ್ರೇಜ ಹಣೆ ಬಡಿದುಕೊಂಡ. "ಸೋಮ್ಯಾ, ಬರ್ತೇನಿ ಅಂದ್ರ ಹೊಂಟೇನಿ ಅಂತ ನಮಗ ಗೊತ್ತೈತಿ. ಈ ಕಾರಭಾರಿಗೆ ಯಾರ ಹೇಳಬೇಕು? ನೀ ಬರ್ತೇನಿ ಅಂದಿ, ಅವ ಕರೇ ಅಂತ ಬರಕೊಂಡಾನ!"

ಜೈನುದ್ದೀನನಿಗೆ ಚಹಾ ಕುಡಿಸಿ, ಕೈಮುಗಿದು ಬಸ್ಸು ಹತ್ತಿಸಿದ್ದಾಯಿತು. ತಬ್ರೇಜ ಇಂಗಳೇಶ್ವರವನ್ನು ಮರಳಿ ಹನ್ನೊಂದಕ್ಕೆ ತಂದು ಕೂಡಿಸಿ, ಬೀಗರಿಗೆ ಫೋನು ಮಾಡಿ ಸಮಾಧಾನ ಹೇಳಿದ. "ಇದನ್ನ ಬಂದ ಮಾಡಾಕ ನನಗ ತಾಸು ಹಿಡಿತೈತಿ, ನಿಮಗ ಹೊತ್ತಿಲ್ಲ. ಇವತ್ತೊಂದಿನ ಆ ಮಾತು ಅಪ್ಪಿತಪ್ಪಿ ಬಾಯಾಗ ತರಬ್ಯಾಡ," ಎಂದು ಬುದ್ಧಿ ಹೇಳಿ ಕಳಿಸಿದ.

ಬೈಕಿನ ಮೇಲೆ ದಾರಿಯುದ್ದಕ್ಕೂ ಸೋಮನಿಂಗ ಜಪ ಮಾಡುತ್ತ ಹೋದ. ಅನ್ನಬಾರದು, ಅನ್ನಬಾರದು. ಬಸವನ ಬಾಗೇವಾಡಿಯಲ್ಲಿ ಚಹಾ ಕುಡಿದು ಹೊರಡುವಾಗ ಅಂಗಡಿಯವನಿಗೆ ಹೇಳಹೊರಟ ಆ ಮಾತನ್ನು ಅರ್ಧಕ್ಕೇ ನುಂಗಿ ಕೆಮ್ಮಿದ. ಸಂಗು ಮಾವ ಬೆನ್ನು ಸವರಿ, "ಶಾಣ್ಯಾ ಇದ್ದೀ. ಹಿಂಗ ಇರು," ಎಂದ.

ಇಂಗಳೇಶ್ವರದಲ್ಲಿ ಎಲ್ಲವೂ ಹೂವಿನಂತೆ ನಡೆಯಿತು. ಹೆಣ್ಣಿನ ತಂದೆ ಶ್ರೀಶೈಲ ಬೆಳಗಿನ ಗೊಂದಲದ ಸುದ್ದಿ ಕೇಳಿ ಹೊಟ್ಟೆ ಹಿಡಿದು ನಕ್ಕ. ಅಜ್ಜಿ ಇಂದ್ರಾಬಾಯಿ ಹುಡುಗನ ಕೈ ಹಿಡಿದು ನೋಡಿ, "ದುಡಿಯೋ ಕೈ," ಎಂದಳು. ಭುವನೇಶ್ವರಿ ಚಹಾ ಕೊಡುತ್ತ, "ನಮ್ಮ ಮನಿ ಮೋಟಾರೂ ಭಾಳ ಸಪ್ಪಳ ಮಾಡತೈತ್ರಿ," ಎಂದು ಮೆಲ್ಲಗೆ ನಕ್ಕಳು. ಇವಳ ಮುಂದೆ ಆ ಫೋಟೊ ಏನೂ ಅಲ್ಲ ಎಂದು ಸೋಮನಿಂಗನಿಗೆ ಅನ್ನಿಸಿತು. ಇಂಥ ಮಾತಿನವಳು ಮನೆಗೆ ಬಂದರೆ ಬಾಳು ಬಂಗಾರವಾಯಿತು ಎಂದು ಅವನ ಎದೆ ತುಂಬಿ ಬಂತು.

ಎಲೆ ಅಡಿಕೆಯೂ ಆಯಿತು. ಸಂಗು ಮಾವ ಬಾಯಿ ತುಂಬ ಎಲೆ ತುಂಬಿಕೊಂಡು ಖುಷಿಯಿಂದ ಎದ್ದ. ಮನೆಯವರೆಲ್ಲ ಹೊಸ್ತಿಲ ತನಕ ಬಂದು ನಿಂತರು. ಅಜ್ಜಿ ನಗುತ್ತ ಸೋಮನಿಂಗನ ಮುಖವನ್ನೇ ನೋಡುತ್ತಿದ್ದಳು. ಅವನು ಕೈಮುಗಿದ. ಮಾತು ನಾಲಿಗೆಯ ತುದಿಗೆ ಬಂತು. ಜೇಬಿನಲ್ಲಿ ಕಾರಭಾರಿ ಕಿವಿ ನಿಮಿರಿಸಿ ಕೂತಿದ್ದ. ಸೋಮನಿಂಗ ಎಚ್ಚರಗೊಂಡು, ನಾಲಿಗೆಯನ್ನು ಬಿಗಿಹಿಡಿದು, ಸ್ಪಷ್ಟವಾಗಿ ಹೇಳಿದ.

"ಹೋಗ್ತೇನ್ರಿ."

ಇಂದ್ರಾಬಾಯಿಯ ನಗು ಮಾಸಿತು.

"ಶಿವನ! ಹೆಣ್ಣ ನೋಡಾಕ ಬಂದು ಹೊಸ್ತಿಲದಾಗ ನಿಂತು ಹೋಗ್ತೇನಿ ಅಂತಾನಲ್ಲೋ! ಒಪ್ಪಿಗಿ ಇಲ್ಲಂದ್ರ ನೆಟ್ಟಗ ಹೇಳಬಾರದೇನಪಾ? ಹಿಂಗ ಅಪಶಕುನ ಯಾಕ ನುಡಿತಿ?"

ಭುವನೇಶ್ವರಿ ಸರ್ರನೆ ಒಳಗೆ ಹೋದಳು. ಸಂಗು ಮಾವ ಎಲೆಯ ರಸ ನುಂಗಲಾರದೆ, ಉಗುಳಲು ಜಾಗ ಕಾಣದೆ ಎರಡೂ ಕೈ ಬೀಸಿ ಏನೇನೋ ಸನ್ನೆ ಮಾಡಿದ. ಅದು ಬೈದಂತೆಯೇ ಕಂಡಿತು. ಶ್ರೀಶೈಲ ಬಾಗಿಲಿಗೆ ಕೈಹಚ್ಚಿದ.

"ಇಲ್ರಿ! ಹಂಗಲ್ರಿ!" ಸೋಮನಿಂಗ ಕೂಗಿಕೊಂಡ. "ಬರ್ತೇನ್ರಿ! ಬರ್ತೇನ್ರಿ!"

ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಜೇಬಿನಿಂದ ಕಾರಭಾರಿ ಪುಸ್ತಕದ ಕನ್ನಡದಲ್ಲಿ ನುಡಿದ. "ಇಂಗಳೇಶ್ವರ ಭೇಟಿಯನ್ನು ನಾಳೆ ಎರಡು ಬಾರಿ ನಿಗದಿಪಡಿಸಲಾಗಿದೆ. ಆಹ್ವಾನ ಕಳುಹಿಸಲಾಗಿದೆ."

ಮುಚ್ಚಿದ ಬಾಗಿಲಿನ ಹಿಂದೆ ಶ್ರೀಶೈಲನ ಫೋನು ಎರಡು ಸಲ ಸದ್ದು ಮಾಡಿತು. ಸೋಮನಿಂಗ ಬಾಗಿಲಿಗೆ ಕಿವಿ ಹಚ್ಚಿದ.

"ಎರಡೂ ಆಹ್ವಾನಗಳನ್ನು ನಿರಾಕರಿಸಲಾಗಿದೆ," ಎಂದ ಕಾರಭಾರಿ.