ಕಮತಗಿ ಮದುವೆಗೆ ಯಾವ ಡ್ರೈವ್?

ಮೊದಲೇ ಹೇಳಿಬಿಡುತ್ತೇನೆ, ನನಗೆ ಪ್ರಸಂಗ ಹೇಳಲು ಬರುವುದಿಲ್ಲ. ಕೆಡಿಸಿದರೆ ಕ್ಷಮಿಸಿ. ಇಳಕಲ್ಲಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ನನ್ನದು. ಜೋಡಿಸುವುದು ಎಂದರೆ ಬಿಡಿ ಭಾಗಗಳನ್ನು ತಂದು ಒಂದು ಡಬ್ಬಿಯಲ್ಲಿ ಕೂಡಿಸುವುದು. ಡಬ್ಬಿ ಎಂದರೆ ಊಟದ್ದಲ್ಲ. ಇಂಥ ಅಂಗಡಿ ಇಟ್ಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಇಲ್ಲಿ ಬರೆದಿರುವವು ಮಾತ್ರ ಎಲ್ಲ ಒಂದೇ ಡಬ್ಬಿಯವು.

೧. ತಕ್ಕಡಿ

ಅಮೀನಗಡದ ಕರದಂಟು ಅಂಗಡಿಯ ಯಜಮಾನರೊಬ್ಬರ ಮಗಳು ಮದುವೆ ವಿಡಿಯೋ ಎಡಿಟ್ ಮಾಡುವುದನ್ನು ಕಲಿತಿದ್ದಳು. ಕಮತಗಿಯ ಒಂದು ಮದುವೆ ಆಕೆಯ ಮೊದಲ ಕೆಲಸ. ಹೊಸ ಕಂಪ್ಯೂಟರಿಗೆ ತಂದೆ ಒಂದು ಷರತ್ತು ಹಾಕಿದ್ದರು: "ಕಮತಗಿಯವರು ಒಪ್ಪಿದ್ರ ಕಂಪ್ಯೂಟರ್ ಅಕಿದು. ಒಪ್ಪಲಿಲ್ಲಂದ್ರ ಅಂಗಡಿ ಬಿಲ್ ಮಾಡಾಕ."

ನಾನು ಎರಡು ಡ್ರೈವ್ ಒಯ್ದು ತೋರಿಸಿದೆ. ಡ್ರೈವ್ ಎಂದರೆ ವಿಡಿಯೋ ತುಂಬಿಡುವ ಜಾಗ. ಒಂದು ಹಳೆಯ ಸಾಟಾ ಪದ್ಧತಿಯದು. ವಯರಿನಿಂದ ಜೋಡಿಸುತ್ತಾರೆ, ಇಟ್ಟಿಗೆಯಂತೆ ಭಾರ. ಇನ್ನೊಂದು ಹೊಸ ಎನ್‌ವಿಎಂಇ. ವಯರಿಲ್ಲ, ಡಬ್ಬಿಯೊಳಗಿನ ಬೋರ್ಡಿಗೇ ಸಿಕ್ಕಿಸುತ್ತಾರೆ, ಮುರಿದ ಬಾಚಣಿಗೆಯಷ್ಟಿರುತ್ತದೆ, ವೇಗ ಬಹಳ. ಎರಡರಲ್ಲೂ ವಿಡಿಯೋ ಹಿಡಿಸುವುದು ಒಂದೇ ಸಮ.

ಯಜಮಾನರು ಎರಡನ್ನೂ ಒಂದೊಂದಾಗಿ ತಕ್ಕಡಿಗೆ ಇಟ್ಟರು. ಹೊಸದಕ್ಕೆ ತಕ್ಕಡಿ ಸೊನ್ನೆ ಬಿಟ್ಟು ಮೇಲೇಳಲಿಲ್ಲ.

"ಖಾಲಿ ಐತಲ್ಲೋ ತಮ್ಮಾ."

"ಈಗ ಖಾಲೀನ ಐತ್ರಿ. ತುಂಬಿದ್ರೂ ಅಷ್ಟ ತೂಗತೈತಿ."

"ಅಂದ್ರ ಮದುವಿ ಒಳಗ ಐತೋ ಇಲ್ಲೋ ಅಂತ ಗಿರಾಕಿಗಿ ಏನು ತೂಗಿ ತೋರಿಸ್ಲಿ?"

೨. ಮುನಿಸು

ಕಡೆಗೆ ಎರಡನ್ನೂ ಹಾಕುವುದೆಂದಾಯಿತು. ಕೆಲಸ ಹೊಸದರಲ್ಲಿ, ಕಾಪಿ ಹಳೆಯದರಲ್ಲಿ. ನನ್ನ ಅಂಗಡಿಯಲ್ಲಿ ಯಜಮಾನರ ಎದುರಿಗೇ ಜೋಡಿಸಿ ಶುರು ಮಾಡಿದೆ. ಪರದೆಯ ಮೇಲೆ ಹೊಸದು ಬಂತು, ಹಳೆಯದು ಬರಲಿಲ್ಲ.

ಇದಕ್ಕೆ ಕಾರಣವಿದೆ. ಕೆಲವು ಬೋರ್ಡುಗಳಲ್ಲಿ ಹೊಸ ಡ್ರೈವ್ ಕೂರುವ ಜಾಗಕ್ಕೂ ಹಳೆಯ ವಯರು ಚುಚ್ಚುವ ಒಂದು ತೂತಿಗೂ ದಾರಿ ಒಂದೇ. ಇದು ಬಂದರೆ ಅದು ಬಂದ್.

"ಹಳೇದು ಯಾಕ ಕಾಣವಲ್ದು?"

"ಹೊಸದು ಬಂದು ಕುಂತೈತಲ್ರಿ, ಅದಕ್ಕ."

ಯಜಮಾನರು ದನಿ ಇಳಿಸಿದರು. "ಹಿರೇದನ್ನ ಮೊದಲ ಕುಂಡ್ರಸಬೇಕಿತ್ತು. ಎರಡೂ ತಗಿ."

ಎರಡನ್ನೂ ತೆಗೆಸಿದರು. ನಾನು ಮೊದಲು ಹಳೆಯದರ ವಯರನ್ನು ಬೇರೆ ತೂತಿಗೆ ಚುಚ್ಚಿದೆ, ಆಮೇಲೆ ಹೊಸದನ್ನು ಸಿಕ್ಕಿಸಿದೆ. ಎರಡೂ ಕಂಡವು. ತೂತು ಬದಲಿಸಿದ್ದರಿಂದ ಕಂಡವು ಎಂದು ನಾನು ಬಿಡಿಸಿ ಹೇಳತೊಡಗಿದೆ.

"ಇರ್ಲಿ ಬಿಡು," ಎಂದರು, "ಮಾನಾ ಕೊಟ್ರ ಬರತೈತಿ."

೩. ಸಪ್ಪಳ

ಅಮೀನಗಡಕ್ಕೆ ಹೋಗಿ ಡಬ್ಬಿ ಇಟ್ಟುಬಂದೆ, ಅಂದರೆ ಬರಲು ಹೊರಟಿದ್ದೆ. ಯಜಮಾನರ ತಾಯಿ ತಡೆದರು. ಅವರ ತವರು ಇಳಕಲ್ಲಿನ ನೇಕಾರರ ಮನೆ. ಮಗ್ಗದ ಸಪ್ಪಳದಲ್ಲೇ ಬೆಳೆದವರು. ಡಬ್ಬಿಗೆ ಕಿವಿ ಹಚ್ಚಿದರು. ಹಳೆಯ ಡ್ರೈವಿನೊಳಗೆ ತಟ್ಟೆ ತಿರುಗುತ್ತದೆ, ಆದ್ದರಿಂದ ಗುರ್ ಎನ್ನುತ್ತದೆ. ಹೊಸದರಲ್ಲಿ ತಿರುಗುವಂಥದ್ದು ಏನೂ ಇಲ್ಲ.

"ಒಂದು ದುಡಿಯಾಕ ಹತ್ತೈತಿ. ಇನ್ನೊಂದು?"

"ಅದ ಹೆಚ್ಚ ದುಡಿತೈತ್ರಿ ಅಜ್ಜಿ. ಸಪ್ಪಳ ಮಾಡೂದಿಲ್ಲ ಅಷ್ಟ."

"ನಮ್ಮ ಕಾಕಾನೂ ಹಂಗ ಅಂತಿದ್ದ. ಒಳಗ ಹೋಗಿ ನೋಡಿದ್ರ ಮಗ್ಗದ ಬುಡಕ್ಕ ಮಲಗಿರತಿದ್ದ."

೪. ಲಗೂ ಆದದ್ದೇ ತಪ್ಪು

ಹೊಸ ಡ್ರೈವಿನ ದೆಸೆಯಿಂದ ವಿಡಿಯೋ ಬೇಗ ಮುಗಿಯಿತು. ನಮ್ಮ ಕಡೆ ಮದುವೆ ವಿಡಿಯೋ ಬರುವುದು ಕೂಸಿನ ಜಾವಳದ ಹೊತ್ತಿಗೆ. ಜಾವಳ ಎಂದರೆ ಮಗುವಿಗೆ ಮೊದಲ ಸಲ ತಲೆಗೂದಲು ತೆಗೆಸುವುದು. ಹುಡುಗಿ ವಿಡಿಯೋ ತುಂಬಿ ಕೊಟ್ಟ ಪೆನ್‌ಡ್ರೈವನ್ನು ಕಮತಗಿಯ ವರನ ತಂದೆ ನೋಡದೆಯೇ ತಿರುಗಿ ಕಳಿಸಿದರು. "ಚಪ್ಪರದ ಎಲಿ ಇನ್ನೂ ಒಣಗಿಲ್ಲ, ವಿಡಿಯೋ ಬಂತು. ಅಂದ್ರ ಅರ್ಧಾ ಬಿಟ್ಟೀರಿ."

ಯಜಮಾನರು ಮಗಳನ್ನೂ ಡಬ್ಬಿಯನ್ನೂ ಕರೆದುಕೊಂಡು ನನ್ನ ಅಂಗಡಿಗೆ ಬಂದರು. "ಹೊಸದನ್ನ ಕಿತ್ತು ಒಗಿ. ಬಿಲ್ಲಿಗಿ ಹಳೇದ ಸಾಕು." ಹುಡುಗಿ ಗೋಡೆ ನೋಡುತ್ತ ನಿಂತಿದ್ದಳು. ನಾನು ಸ್ಕ್ರೂಡ್ರೈವರ್ ಹಿಡಿದೆ.

ಅಷ್ಟರಲ್ಲಿ ಹುಡುಗಿಗೆ ವರನ ತಂದೆಯ ಫೋನು. ವಧುವಿನ ಸೋದರಮಾವ ತನಗೆ ಮದುವೆಯಲ್ಲಿ ಆಯೇರಿ ಮಾಡಲೇ ಇಲ್ಲವೆಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದನಂತೆ. ಆಯೇರಿ ಎಂದರೆ ಬೀಗರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. "ಅದರಾಗ ಐತೇನವಾ ನೋಡು."

ಇದೆ ಎಂದಾಗ ವರನ ತಂದೆ ತಾವೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದು ನೋಡಿದರು. ವಿಡಿಯೋದಲ್ಲಿ ಸೋದರಮಾವ ಹಳದಿ ಪೇಟಾ ಸುತ್ತಿಸಿಕೊಂಡು, ಬಗಲಲ್ಲಿ ಧೋತರ ಹಿಡಿದು, ಹಲ್ಲು ಬಿಟ್ಟು ನಿಂತಿದ್ದ.

"ಇದು ಜಾವಳಕ್ಕ ಬಂದಿದ್ರ," ಎಂದರು ಅವರು, "ಅಷ್ಟೊತ್ತಿಗಿ ನನ್ನ ಮಾನಾ ಹೋಗಿರ್ತಿತ್ತು. ನನ್ನ ಸಣ್ಣ ಮಗಳ ಮದುವೀನೂ ನೀನ ಮಾಡವಾ. ಹಿಂಗ ಲಗೂ ಕೊಡು."

ಯಜಮಾನರು ಇನ್ನೂ ನನ್ನ ಕೈಯಲ್ಲೇ ಇದ್ದ ಸ್ಕ್ರೂಡ್ರೈವರ್ ಕಸಿದುಕೊಂಡರು.

ಇನ್ನು ಮುಖ್ಯ ಮಾತು, ಅಂದರೆ ನೀವು ಕಂಪ್ಯೂಟರ್ ಜೋಡಿಸುವಾಗ ಎರಡರಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದು. ಮೊದಲು ಬೋರ್ಡಿನಲ್ಲಿ ಹೊಸದಕ್ಕೆ ಜಾಗವಿದೆಯೇ ನೋಡಿ. ಇದ್ದರೆ ಅದರ ತುದಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಎಷ್ಟು ಬಿಗಿಯಬೇಕೆಂದರೆ... ತಾಳಿ, ಹುಡುಗಿಯ ಫೋನು.

"ಅಣ್ಣಾರ, ಲಗೂ ಅಮೀನಗಡಕ್ಕ ಬರ್ರಿ. ಆ ಸೋದರಮಾವ ಬಂದು ಕುಂತಾನ. ಪೇಟಾ ಸುತ್ತಿದ್ದನ್ನ ಅಳಿಸು ಅಂತಾನ. ಹಳೇದ್ರಾಗೂ, ಹೊಸದ್ರಾಗೂ."