ಪಕ್ಕಕ್ಕೆ ಸರೀರಿ, ಬಿಲ್ಡಿಂಗ್ ಕಾಣ್ತಿಲ್ಲ

ಮುಂಬಯಿಯ ಮುಲುಂಡಿನಲ್ಲಿ ಮುಂದೆ ಯಾವ ಬಿಲ್ಡಿಂಗ್ ಬೀಳುತ್ತದೆ ಎಂದು ತಿಳಿಯಬೇಕೆ? ಯಾವ ಕಚೇರಿಗೂ ಅಲೆಯಬೇಡಿ. ನಮ್ಮ ಸೋದರಮಾವ ಎಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದಾರೆ ನೋಡಿ, ಸಾಕು! ಫೋರ್ಟಿನ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಹಿಡಿದಿರುವ ಹುಚ್ಚು ಇದೊಂದೇ. ಹಳೆಯ ಬಿಲ್ಡಿಂಗನ್ನು ಕೆಡವಿ ಟವರ್ ಎಬ್ಬಿಸುವ ಮೊದಲು ಅದರ ಕೊನೆಯ ಫೋಟೋ ತೆಗೆಯಬೇಕು.

ತೆಗೆಯಲಿ, ಯಾರು ಬೇಡವೆಂದರು? ಆದರೆ ಫೋಟೋದಲ್ಲಿ ಒಂದು ನರಪಿಳ್ಳೆಯೂ ಇರಕೂಡದು! ಊರವರಿಗೆಲ್ಲ "ಜರಾ ಸೈಡ್ ಮೆ", ನಮಗೆ "ಸ್ವಲ್ಪ ಪಕ್ಕಕ್ಕೆ ಸರೀರಿ, ಬಿಲ್ಡಿಂಗ್ ಕಾಣ್ತಿಲ್ಲ." ಯಾಕೆ ಮಾವ ಎಂದರೆ, "ಮನುಷ್ಯರು ಎಲ್ಲಿ ಹೋದ್ರೂ ಸಿಗ್ತಾರೆ ಕಣೋ. ಇಂಥ ಕಿಟಕಿ ಸಿಗುತ್ತಾ?"

ನನ್ನ ಮದುವೆಯಲ್ಲೂ ಅಷ್ಟೇ. ಮಾಟುಂಗದ ಆ ಹಾಲ್ ಆಗಲೇ ಬಿಲ್ಡರ್ ಪಾಲಾಗಿತ್ತು. ಮಾವ ಕೊಟ್ಟ ಆಲ್ಬಮ್ಮಿನಲ್ಲಿ ಮೆಟ್ಟಿಲಿದೆ, ಕಂಬವಿದೆ, ಊಟದ ಮನೆಯ ಸೀಲಿಂಗೂ ಇದೆ. ಮದುವೆಯಾದವನು ನಾನೇ ಎಂಬುದಕ್ಕೆ ಸಾಕ್ಷಿ ನನ್ನ ಹೆಂಡತಿ ಮಾತ್ರ!

ಒಮ್ಮೆ ಒಂದು ಹಳೆಯ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಇವರನ್ನು ಬಿಲ್ಡರ್ ಕಡೆಯವರೆಂದೇ ನಂಬಿ, ಕುರ್ಚಿ ಹಾಕಿ, ಚಹಾ ತರಿಸಿ, "ಸಾಬ್, ಹಮ್‌ಕೊ ಬಡಾ ಫ್ಲಾಟ್ ಮಿಲೇಗಾ ನಾ?" ಎಂದು ದೊಡ್ಡ ಫ್ಲಾಟಿಗೆ ಅರ್ಜಿ ಹಾಕಿದ. ಮಾವ ಚಹಾ ಪೂರ್ತಿ ಕುಡಿದು, "ಬಾಲ್ಕನಿ ಮತ್ ಛೋಡನಾ" ಎಂದು, ಅದನ್ನು ಬಿಟ್ಟುಕೊಡದಂತೆ ಉಪದೇಶಿಸಿ ಎದ್ದು ಬಂದರು. ಆ ಸೊಸೈಟಿ ಇಂದಿಗೂ ಬಾಲ್ಕನಿಗಾಗಿ ಬಿಲ್ಡರ್ ಜೊತೆ ಜಗಳವಾಡುತ್ತಿದೆಯಂತೆ!

ಇದೆಲ್ಲ ನಮಗೆ ತಮಾಷೆ, ಅತ್ತೆಗಲ್ಲ. "ಊರವರ ಕಿಟಕಿ, ಬಾಗಿಲು ಎಲ್ಲಾ ಇದೆ. ಕಟ್ಕೊಂಡವಳದ್ದು ಒಂದಾದ್ರೂ ಫೋಟೋ ಇದೆಯಾ ಕೇಳು ನಿಮ್ಮ ಮಾವನ್ನ!"

ಕಳೆದ ವರ್ಷ ಅವರದೇ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಅತ್ತೆ ಮದುವೆಯಾಗಿ ಮೈಸೂರಿನಿಂದ ನೇರ ಬಂದಿಳಿದ ಮನೆ ಅದು. "ಕೆಡವೋ ಮುಂಚೆ ಈ ಮನೇಲಿ ನನ್ನದೊಂದು ಫೋಟೋ ಬೇಕು ಕಣೋ" ಎಂದು ನನ್ನ ಹತ್ತಿರ ಹೇಳಿಕೊಂಡರು. ಮಾವನನ್ನು ಕೇಳಲು ಅಭಿಮಾನ ಬಿಡಬೇಕಲ್ಲ!

ಮನೆ ಖಾಲಿ ಮಾಡುವ ದಿನ ಟೆಂಪೋ ತುಂಬಿತು. ಮಾವ ಕಾಂಪೌಂಡಿನಲ್ಲಿ ನಿಂತು ಕ್ಯಾಮೆರಾ ಎತ್ತಿದರು. ಬಾಲ್ಕನಿಯಲ್ಲಿ ಅತ್ತೆ. ಸಾಮಾನು ಸಾಗಿಸುವ ದಿನ ಯಾರಾದರೂ ಮೈಸೂರು ಸಿಲ್ಕ್ ಉಡುತ್ತಾರೆಯೇ? ಉಟ್ಟಿದ್ದರು! ಆದರೆ ಕ್ಯಾಮೆರಾ ಕಂಡದ್ದೇ ತಡ, ಹಳೆಯ ಅಭ್ಯಾಸ ನೋಡಿ, ಬಾಗಿಲ ಹಿಂದೆ ಸರಿದುಬಿಟ್ಟರು.

"ಸರಿದಿದ್ದೀನಿ ರೀ, ತೆಗೀರಿ!" ಅತ್ತೆ ಅಲ್ಲಿಂದಲೇ ಕೂಗಿದರು.

ಮಾವ ಕ್ಯಾಮೆರಾ ಇಳಿಸಿದರು. "ಏ, ಬಾರೇ ಈಚೆಗೆ! ನೀನಿಲ್ದೆ ಅದರಲ್ಲಿ ಏನಿದೆ ಅಂತ ತೆಗೀಲಿ?"

ಈಗ ಬಾಡಿಗೆ ಮನೆಯ ಗೋಡೆಯ ಮೇಲೆ ಆ ಫೋಟೋ ಇದೆ. ಅತ್ತೆ ಬಾಯಿ ತುಂಬ ನಗುತ್ತಿದ್ದಾರೆ. ಮಾವ ಎಷ್ಟು ಹತ್ತಿರಕ್ಕೆ ಎಳೆದು ತೆಗೆದಿದ್ದಾರೆಂದರೆ, ಬಿಲ್ಡಿಂಗ್ ಕಾಣುವುದೇ ಇಲ್ಲ.