ಸಾಹೇಬರ ಪಾಸ್‌ವರ್ಡ್

ಗುಟ್ಟು ಕಾಯುವ ಕೆಲಸವನ್ನು ದೊಡ್ಡವರಿಗೆ ಕೊಟ್ಟ ಕಡೆಯಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ಎಂಬತ್ತರ ದಶಕದ ಕೊನೆಗೆ ಬಳ್ಳಾರಿಯ ನಮ್ಮ ಶಿಕ್ಷಣ ಇಲಾಖೆ ಕಚೇರಿಗೆ ಕಂಪ್ಯೂಟರ್ ಬಂತು. ಶಿಕ್ಷಕರ ಪಟ್ಟಿಗೆ ಹೆಸರು ಸೇರಿಸುವುದು ಆಪರೇಟರ್ ಆದ ನನ್ನ ಕೆಲಸ. ಸೇರಿಸಿದ್ದನ್ನು ತಿದ್ದಬೇಕೆಂದರೆ ಮಾತ್ರ ಪರದೆ ಸಾಹೇಬರ ಪಾಸ್‌ವರ್ಡ್ ಕೇಳುತ್ತಿತ್ತು. ಅದನ್ನು ಅವರೇ ಬಂದು ಒತ್ತಬೇಕು. ಆ ಒಂದು ತಿದ್ದುಪಡಿ ಮುಗಿದೊಡನೆ ಬಾಗಿಲು ಮತ್ತೆ ಬಂದ್. ಬಹಳ ಭದ್ರವಾದ ಏರ್ಪಾಡು.

ಭದ್ರತೆ

ಕೀಲಿಮಣೆ ಮುಟ್ಟುವುದು ತಮ್ಮ ಘನತೆಗೆ ಕಡಿಮೆ ಎಂದು ಸಾಹೇಬರ ಅಭಿಪ್ರಾಯ. ತಮ್ಮ ಖೋಲಿಯಲ್ಲೇ ಕೂತು, ಹಾಲ್‌ನ ಆಚೆ ತುದಿಯಲ್ಲಿದ್ದ ನನಗೆ ಒಂದೊಂದೇ ಅಕ್ಷರ ಕೂಗಿ ಹೇಳುತ್ತಿದ್ದರು. ಒಂದು ದಿನ ನಡುವೆ ಕೆಮ್ಮು ಬಂತು. ಉಳಿದ ಅಕ್ಷರಗಳನ್ನು ಚಹಾ ತಂದಿದ್ದ ಹೋಟೆಲಿನವನು ಹೇಳಿ ಮುಗಿಸಿದ.

ಸಾಹೇಬರು ಹೊರಗೆ ಬಂದು ನನ್ನನ್ನೇ ಗದರಿದರು: "ಏನ್ರಿ, ನನ್ನ ಪಾಸ್‌ವರ್ಡ್ ಊರಿಗೆಲ್ಲಾ ಹೇಳ್ಕೊಂಡು ಅಡ್ಡಾಡ್ತೀರೇನು?"

ಬರೀ ಚುಕ್ಕಿ

ಸಿರುಗುಪ್ಪದ ಉಪಕಚೇರಿಗೂ ಒಂದು ಕಂಪ್ಯೂಟರ್ ಹೋಯಿತು. ಪಾಸ್‌ವರ್ಡ್ ಒತ್ತಿದಾಗ ಪಕ್ಕದವರಿಗೆ ಕಾಣದಿರಲೆಂದು ಅಕ್ಷರದ ಬದಲು ಚುಕ್ಕಿ ಮೂಡುತ್ತದೆ. ಅಲ್ಲಿಯ ಸಾಹೇಬರು ವಾರದೊಳಗೆ ದೂರು ಬರೆದರು: ‘ನನ್ನ ಪಾಸ್‌ವರ್ಡ್ ಆದ ನನ್ನ ಧರ್ಮಪತ್ನಿಯ ಹೆಸರು ಒತ್ತಿದರೆ ಬರೀ ಚುಕ್ಕಿಗಳು ಬರುತ್ತಿವೆ. ಯಂತ್ರ ಕೆಟ್ಟಿದೆ.’ ಅನುಮಾನ ಬೇಡವೆಂದು ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದಿದ್ದರು. ಮೇಲೆ ಕೆಂಪು ಶಾಯಿಯಲ್ಲಿ ‘ಅತಿ ಗೋಪ್ಯ’.

ಕೆಳಗೆ: ‘ಪ್ರತಿ: ತಾಲ್ಲೂಕಿನ ಎಲ್ಲಾ ಶಾಲೆಗಳ ಮಾಹಿತಿಗಾಗಿ.’

ಕುರುಗೋಡಿನ ಮಾಸ್ತರು

ಇದರಲ್ಲಿ ತಪ್ಪು ನನ್ನದೇ. ಕುರುಗೋಡಿನ ಮಾಸ್ತರೊಬ್ಬರ ಹೆಸರಿನ ಮುಂದೆ ‘ಸ್ತ್ರೀ’ ಎಂದು ಒತ್ತಿಬಿಟ್ಟಿದ್ದೆ. ಪಟ್ಟಿ ನಂಬಿದ ಮೇಲಿನವರು ಅವರನ್ನು ಹುಡುಗಿಯರ ಹಾಸ್ಟೆಲ್ಲೊಂದಕ್ಕೆ ವಾರ್ಡನ್ ಮಾಡಿದರು. ಸೋಮವಾರ ಹಾಜರಾಗದಿದ್ದರೆ ಅಮಾನತು.

ಮಾಸ್ತರು ಆದೇಶ ಹಿಡಿದು ನಮ್ಮ ಸಾಹೇಬರ ಬಳಿ ಓಡಿ ಬಂದರು. "ಸಾಹೇಬ್ರ, ಮೂರು ಮಕ್ಕಳ ತಂದಿ ಅದೀನ್ರಿ! ನೌಕರಿ ಹೋದ್ರ ಏನ್ ಮಾಡ್ಲಿ?" ಕಣ್ಣಲ್ಲಿ ನೀರಿತ್ತು. ನಾನು ಸಾಹೇಬರ ಕಡೆ ತಿರುಗಿದೆ.

"ಪಾಸ್‌ವರ್ಡ್ ಒತ್ತಿದ್ರ ಒಂದು ನಿಮಿಷದ ಕೆಲಸ ಐತ್ರಿ," ಎಂದೆ.

ಸಾಹೇಬರು ಘನತೆ ಬದಿಗಿಟ್ಟು ತಾವೇ ಬಂದು ಒತ್ತಿದರು. ತಪ್ಪು. ಮತ್ತೆ ಒತ್ತಿದರು. ತಪ್ಪು. ಹಿಂದಿನ ವಾರವಷ್ಟೇ ಹೊಸ ಪಾಸ್‌ವರ್ಡ್ ಇಟ್ಟು, ಈ ಸಲ ಯಾರಿಗೂ ಹೇಳಿರಲಿಲ್ಲ, ತಮಗೂ ಹೇಳಿಕೊಂಡಂತಿರಲಿಲ್ಲ.

ಕೊನೆಗೆ ಶನಿವಾರ ಕಂಪ್ಯೂಟರ್ ಕೊಟ್ಟವರೇ ಬಂದು ತಿದ್ದಿದರು, ಮಾಸ್ತರ ನೌಕರಿ ಉಳಿಯಿತು. ಆದರೆ ಮಾಸ್ತರು ಓಡಿ ಬಂದ ದಿನ ಸಾಹೇಬರು ಬೆವರು ಒರೆಸಿಕೊಂಡು, ಮಾಸ್ತರನ್ನು ಮೇಲಿಂದ ಕೆಳಗೆ ನೋಡಿ ಒಂದು ಪರಿಹಾರ ಕೊಟ್ಟಿದ್ದರು:

"ನಂಗ ನೆನಪಾಗೋ ಮಟ, ನೀವು ಮೀಸಿ ತೆಗಸ್ರಿ."